ಕೈಗೆ ಯಾವ ಸಾಧನ? ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ನನ್ನ ತಮ್ಮ ಅಡಿಕೆ ಮರದಿಂದ ಬಿದ್ದು ಆರು ವರ್ಷವಾಯಿತು. ಕುತ್ತಿಗೆಯ ಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾಯಿತು. ಕಾಲಿನ ಬಲ ಹೋಯಿತು, ಕೈಯಲ್ಲಿ ಅರ್ಧ ಉಳಿಯಿತು. ನೋಡಲು ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಮತ್ತೆ ನಡೀತಾನಾ?" ಅವನು ಮಾತ್ರ ಶುರುವಿನಿಂದಲೂ ಕೈಯ ಬಗ್ಗೆಯೇ ಕೇಳುತ್ತಿದ್ದ. ಮೂಗು ತುರಿಸಿದರೆ ಕೆರೆದುಕೊಳ್ಳಬೇಕು. ಸೊಳ್ಳೆ ಕೂತರೆ ಓಡಿಸಬೇಕು. ಕಾಫಿಯನ್ನು ತಾನೇ ಕುಡಿಯಬೇಕು.

ಅವನೊಬ್ಬನ ಆಸೆ ಅಲ್ಲ ಅದು. ಕಿಮ್ ಆಂಡರ್ಸನ್ ಎಂಬ ಅಮೆರಿಕದ ಸಂಶೋಧಕಿ ಬೆನ್ನುಹುರಿ ಪೆಟ್ಟಾದ 681 ಜನರನ್ನು ಕೇಳಿ 2004ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಯಾವುದು ವಾಪಸ್ ಬಂದರೆ ಬದುಕು ಜಾಸ್ತಿ ಸುಧಾರಿಸುತ್ತದೆ ಎಂಬುದು ಪ್ರಶ್ನೆ. ಕೈಕಾಲು ನಾಲ್ಕರ ಬಲವನ್ನೂ ಕಳೆದುಕೊಂಡವರಲ್ಲಿ ಶೇ. 48.7ರಷ್ಟು ಮಂದಿ ಮೊದಲು ಆರಿಸಿದ್ದು ಕೈಯನ್ನೇ.

ಈಗ ಕೈಗೆ ತೊಡುವ ಸಾಧನಗಳು ಬಗೆಬಗೆಯಲ್ಲಿ ಸಿಗುತ್ತವೆ. ನೂರಿನ್ನೂರು ರೂಪಾಯಿಯ ಪಟ್ಟಿಯಿಂದ ಹಿಡಿದು ಲಕ್ಷಗಟ್ಟಲೆ ಬೆಲೆಯ ಮೋಟಾರ್ ತೋಳಿನ ತನಕ ಇವೆ. ಯಾವುದನ್ನು, ಯಾವಾಗ, ಯಾವ ಕೈಗೆ ಎಂಬುದೇ ಕಷ್ಟ. ನಾವು ಅದರಲ್ಲಿ ಒಂದು ದೊಡ್ಡ ತಪ್ಪು ಮಾಡಿದೆವು. ನೀವು ಮಾಡಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆ ಅಲ್ಲ. ಇಲ್ಲಿರುವುದನ್ನು ಹಿಡಿದುಕೊಂಡು ನಿಮ್ಮ ವೈದ್ಯರ, ಥೆರಪಿಸ್ಟರ ಹತ್ತಿರ ಕೂತು ಮಾತಾಡಿ.

ಹೆಜ್ಜೆ 1: ಯಾವ ಸ್ನಾಯುವಿನಲ್ಲಿ ಬಲವಿದೆ ಎಂದು ತಿಳಿಯಿರಿ

ಆಸ್ಪತ್ರೆಯ ಫೈಲಿನಲ್ಲಿ ಒಂದು ಹಾಳೆ ಇರುತ್ತದೆ. ಮನುಷ್ಯನ ಮೈಯ ಚಿತ್ರ, ಪಕ್ಕದಲ್ಲಿ ಸಾಲಾಗಿ ಅಂಕಿಗಳು. ಮಾತಿನಲ್ಲಿ ಅದನ್ನು ಏಷ್ಯಾ ಚಾರ್ಟ್ ಅನ್ನುತ್ತಾರೆ (ಖಂಡದ ಹೆಸರಲ್ಲ, ಬೆನ್ನುಹುರಿ ಪೆಟ್ಟಿನ ಅಮೆರಿಕದ ಒಂದು ಸಂಘದ ಹೆಸರಿನ ಮೊದಲಕ್ಷರಗಳು). ಫೈಲಿನಲ್ಲಿ ಇಲ್ಲದಿದ್ದರೆ ಪಿಎಂಆರ್ ವೈದ್ಯರನ್ನು, ಅಂದರೆ ಪುನರ್ವಸತಿ ವೈದ್ಯರನ್ನು ಕೇಳಿ ಮಾಡಿಸಿ. ಹಳೆಯದಾಗಿದ್ದರೆ ಮತ್ತೊಮ್ಮೆ ಮಾಡಿಸಿ. ಮೊದಲ ವರ್ಷದಲ್ಲಿ ಅಂಕಿಗಳು ಬದಲಾಗುತ್ತಾ ಇರುತ್ತವೆ.

ಕೈಗೆ ಸಂಬಂಧಿಸಿದ ಸಾಲುಗಳು ಐದು. ಸಿ ಅಂದರೆ ಬೆನ್ನುಹುರಿಯ ಕುತ್ತಿಗೆ ಭಾಗ, ಟಿ ಅಂದರೆ ಎದೆಯ ಭಾಗ. ಅಂಕಿ ಮೇಲಿನಿಂದ ಕೆಳಕ್ಕೆ ಎಣಿಕೆ. ಸಿ-5 ಅಂದರೆ ಮೊಣಕೈ ಮಡಚುವುದು. ಸಿ-6 ಮಣಿಕಟ್ಟನ್ನು ಮೇಲಕ್ಕೆ ಎತ್ತುವುದು. ಸಿ-7 ಮೊಣಕೈಯನ್ನು ನೇರ ಮಾಡುವುದು. ಸಿ-8 ಬೆರಳು ಮಡಚುವುದು. ಟಿ-1 ಕಿರುಬೆರಳನ್ನು ಪಕ್ಕಕ್ಕೆ ಸರಿಸುವುದು. ಪ್ರತಿಯೊಂದಕ್ಕೂ 0ಯಿಂದ 5ರ ತನಕ ಅಂಕ ಕೊಡುತ್ತಾರೆ. 0 ಅಂದರೆ ಏನೂ ಇಲ್ಲ. 1 ಅಂದರೆ ಕೈ ಅಲುಗದಿದ್ದರೂ ಬೆರಳಿಟ್ಟರೆ ಸ್ನಾಯು ಮಿಡಿಯುವುದು ಗೊತ್ತಾಗುತ್ತದೆ. 2 ಅಂದರೆ ಮೇಜಿನ ಮೇಲೆ ಜಾರಿಸಿದ ಹಾಗೆ ಅಲುಗುತ್ತದೆ, ಆದರೆ ಮೇಲಕ್ಕೆ ಎತ್ತಲಾಗದು. 3 ಅಂದರೆ ತನ್ನ ಭಾರವನ್ನು ತಾನೇ ಎತ್ತುತ್ತದೆ. 4 ಮತ್ತು 5 ಅಂದರೆ ನಾವು ಅಡ್ಡ ಒತ್ತಿದರೂ ತಡೆಯುತ್ತದೆ.

ಅದೇ ಹಾಳೆಯ ಕೆಳಗೆ ಪೆಟ್ಟಿನ ದರ್ಜೆ ಹೇಳುವ ಎ, ಬಿ, ಸಿ, ಡಿ ಎಂಬ ಅಕ್ಷರ ಇರುತ್ತದೆ (ಈ ಸಿ ಬೇರೆ, ಸಿ-5ರ ಸಿ ಬೇರೆ). ಎ ಅಂದರೆ ಬೆನ್ನುಹುರಿಯ ತೀರಾ ಕೆಳತುದಿಯಲ್ಲಿ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಬಿ ಅಂದರೆ ಸ್ಪರ್ಶ ಮಾತ್ರ ಉಳಿದಿದೆ. ಸಿ ಮತ್ತು ಡಿ ಅಂದರೆ ಪೆಟ್ಟಿನ ಜಾಗದ ಕೆಳಗೂ ಸ್ವಲ್ಪ ಚಲನೆ ಇದೆ. ಈ ಒಂದಕ್ಷರ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ: ಅಲುಗದ ಸ್ನಾಯುವಿನ ಸ್ವಂತ ನರ ಜೀವಂತ ಇದೆಯಾ? ಊರಿಗೆ ಬರುವ ಲೈನ್ ಕಡಿದರೂ ಮನೆಯ ವೈರಿಂಗ್ ಸರಿ ಇದ್ದರೆ ಯುಪಿಎಸ್ ಹಚ್ಚಿ ಬಲ್ಬ್ ಉರಿಸಬಹುದು, ಅಲ್ವಾ? ಇದೂ ಹಾಗೇ. ಮೆದುಳಿನಿಂದ ಬರುವ ದಾರಿ ಮಾತ್ರ ಕಡಿದಿದ್ದರೆ, ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಟ್ಟಾಗ ಸ್ನಾಯು ಎಳೆಯುತ್ತದೆ. ಪೆಟ್ಟು ಬಿದ್ದ ಜಾಗದಲ್ಲಿ ಆ ಸ್ನಾಯುವಿನ ನರದ ಬೇರೇ ಜಜ್ಜಿಹೋಗಿದ್ದರೆ ಅದು ಎಳೆಯುವುದಿಲ್ಲ. ಅಂಥ ಸ್ನಾಯು ಸಾಮಾನ್ಯವಾಗಿ ಬೇಗ ಸೊರಗಿ ಮೆತ್ತಗಾಗಿರುತ್ತದೆ. ಒಂದೇ ಕೈಯಲ್ಲಿ ಎರಡೂ ಬಗೆಯ ಸ್ನಾಯು ಇರಬಹುದು. ಫಿಸಿಯೋ ವಿಭಾಗದಲ್ಲಿ ಹೀಗೆ ಸಣ್ಣ ಕರೆಂಟ್ ಕೊಡುವ ಸ್ಟಿಮ್ಯುಲೇಟರ್ ಇರುತ್ತದೆ, ಅದನ್ನು ಹಚ್ಚಿದರೆ ಒಂದೆರಡು ಭೇಟಿಯಲ್ಲಿ ಇದರ ಅಂದಾಜು ಸಿಗುತ್ತದೆ. ಕರೆಂಟ್ ಕೊಡುವ ಯಾವ ಸಾಧನ ಕೊಳ್ಳುವ ಮೊದಲೂ ಈ ಪರೀಕ್ಷೆ ಆಗಲೇಬೇಕು.

ಹೆಜ್ಜೆ 2: ಒಂದೇ ಒಂದು ಕೆಲಸ ಆರಿಸಿ

"ಕೈ ಸರಿಯಾಗಬೇಕು" ಎಂದು ಹೇಳಿದರೆ ಯಾರಿಗೂ ಸಾಧನ ಆರಿಸಿಕೊಡಲು ಬರುವುದಿಲ್ಲ. "ಲೋಟ ಎತ್ತಿ ಬಾಯಿಗೆ ಇಡಬೇಕು" ಎಂದರೆ ಬರುತ್ತದೆ. ಲೋಟಕ್ಕೆ ಹಿಡಿತ ಬೇಕು, ಮೊಣಕೈ ಮಡಚಬೇಕು, ಭುಜ ಸ್ವಲ್ಪ ಏಳಬೇಕು. ಇವುಗಳಲ್ಲಿ ಯಾವುದು ಇಲ್ಲ ಎಂದು ನೋಡಿದರೆ ಸಾಧನ ಎಲ್ಲಿ ಕೂರಬೇಕು ಎಂದು ಗೊತ್ತಾಗುತ್ತದೆ.

ಹೊರದೇಶದ ವಿಡಿಯೋಗಳಲ್ಲಿ ಫೋರ್ಕು, ಡಬ್ಬಿ, ಬಾಗಿಲ ಹಿಡಿ ತೋರಿಸುತ್ತಾರೆ. ನಮಗೆ ಬೇಕಾದ್ದು ಬೇರೆ. ಅನ್ನ ಕಲಸಿ ತುತ್ತು ಮಾಡುವುದಕ್ಕೆ ಐದೂ ಬೆರಳು ಬೇಕು. ಅದು ಬಹುಶಃ ಕೊನೆಗೆ ಬರುವ ಕೆಲಸ. ಚಮಚದಲ್ಲಿ ಉಪ್ಪಿಟ್ಟು, ಗಂಜಿ ತಿನ್ನುವುದು ಅದಕ್ಕಿಂತ ತುಂಬಾ ಸುಲಭ. ಅಂಚು ಎತ್ತರ ಇರುವ ಸ್ಟೀಲ್ ತಟ್ಟೆ, ಅಡಿಗೆ ಒದ್ದೆ ಬಟ್ಟೆ. ಇಷ್ಟರಲ್ಲೇ ಅರ್ಧ ಕೆಲಸ ಆಗುತ್ತದೆ. ಕೈಯಲ್ಲಿ ಉಣ್ಣುವುದು ಬಿಟ್ಟು ಚಮಚ ಹಿಡಿಯಲು ಹಿರಿಯರಿಗೆ ಬೇಸರ ಆಗುತ್ತದೆ. ನಮ್ಮ ಅಪ್ಪನಿಗೂ ಮೊದಮೊದಲು ನೋಡಲಾಗುತ್ತಿರಲಿಲ್ಲ. ಆದರೆ ತಾನೇ ತಿಂದ ದಿನ ತಮ್ಮನ ಮುಖ ನೋಡಿದ ಮೇಲೆ ಅಪ್ಪ ಆ ಮಾತು ತೆಗೆಯಲೇ ಇಲ್ಲ.

ಕೆಲಸವನ್ನು ಪೆಟ್ಟಾದವರೇ ಆರಿಸಲಿ. ನೋಡಿಕೊಳ್ಳುವವರಿಗೆ ಅನುಕೂಲವಾದದ್ದು ಅವರಿಗೆ ಮುಖ್ಯ ಇರಬೇಕೆಂದೇನಿಲ್ಲ.

ಹೆಜ್ಜೆ 3: ಮಣಿಕಟ್ಟಿನ ಹಿಡಿತ ಕೆಡಿಸಬೇಡಿ

ನಾವು ಎಡವಿದ್ದು ಇಲ್ಲೇ.

ನಿಮ್ಮ ಕೈಯನ್ನೇ ನೋಡಿ. ಬೆರಳುಗಳನ್ನು ಪೂರ್ತಿ ಸಡಿಲ ಬಿಡಿ. ಈಗ ಮಣಿಕಟ್ಟನ್ನು ಮೇಲಕ್ಕೆ ಎತ್ತಿ. ಬೆರಳುಗಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತವೆ, ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಬಂದು ತಾಗುತ್ತದೆ. ಮಣಿಕಟ್ಟು ಕೆಳಗೆ ಬಿಟ್ಟರೆ ಬೆರಳು ಬಿಡಿಸಿಕೊಳ್ಳುತ್ತವೆ. ಬೆರಳಿನ ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು, ಮಣಿಕಟ್ಟನ್ನು ದಾಟಿ ಹೋಗುವುದರಿಂದ ಹೀಗಾಗುತ್ತದೆ. ಇದಕ್ಕೆ ಟೆನೋಡೆಸಿಸ್ ಹಿಡಿತ ಎಂದು ಹೆಸರು. ಸಿ-6 ಉಳಿದವರಿಗೆ ಇದೇ ಆಸ್ತಿ. ಬೆರಳಿನಲ್ಲಿ ಒಂದಿಷ್ಟೂ ಬಲವಿಲ್ಲದಿದ್ದರೂ ಇದರಿಂದ ಚಮಚ, ಪೆನ್ನು, ಹಗುರ ಲೋಟ ಹಿಡಿಯಬಹುದು. ಆದರೆ ಬೆರಳಿನ ರಜ್ಜುಗಳು ಸ್ವಲ್ಪ ಬಿಗಿಯಾಗೇ ಇರಬೇಕು. ಎಳೆದೆಳೆದು ಉದ್ದವಾದರೆ ಮಣಿಕಟ್ಟು ಎತ್ತಿದರೂ ಬೆರಳು ಮಡಚುವುದಿಲ್ಲ.

ತಮ್ಮನಿಗೆ ಈ ಹಿಡಿತ ಚೆನ್ನಾಗಿ ಬಂದಿತ್ತು. ಅರ್ಧ ಲೋಟ ಕಾಫಿ ಎತ್ತುತ್ತಿದ್ದ. ಇನ್ನೂ ಬೇಗ ಸುಧಾರಿಸಲಿ ಎಂಬ ಆಸೆಗೆ ನಾನು ಆನ್‌ಲೈನಿನಲ್ಲಿ ಗಾಳಿ ತುಂಬುವ ಒಂದು ಗ್ಲೌಸ್ ತರಿಸಿದೆ. ಪ್ರತಿ ಬೆರಳಿಗೂ ಒಂದು ಸುರುಳಿ ಪೈಪು, ಪಕ್ಕದಲ್ಲಿ ಒಂದು ಪುಟ್ಟ ಪಂಪು. ಗಾಳಿ ತುಂಬಿದರೆ ಬೆರಳು ನೆಟ್ಟಗಾಗುತ್ತದೆ, ಎಳೆದುಕೊಂಡರೆ ಮಡಚುತ್ತದೆ. ಪಾರ್ಶ್ವವಾಯು ಆದವರ ಬಿಗಿದ ಕೈಗೆಂದು ಮಾಡಿದ್ದು ಅದು. ನನಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ. ಮಣಿಕಟ್ಟಿನ ಕೆಳಗೆ ದಿಂಬು ಕೊಟ್ಟು, ಅದನ್ನು ಎತ್ತರಿಸಿ ಇಟ್ಟು, ದಿನಕ್ಕೆ ಎರಡು ಹೊತ್ತು ಹಾಕಿದೆ. ಬೆರಳು ಪೂರಾ ನೆಟ್ಟಗಾಗುವುದು ನೋಡಿ ಖುಷಿಪಟ್ಟೆ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವನು ಹೇಳಿದ: "ಅಕ್ಕಾ, ಲೋಟ ನಿಲ್ತಾ ಇಲ್ಲ ಕಣೇ." ಮಣಿಕಟ್ಟು ಏಳುತ್ತಿತ್ತು, ಬೆರಳು ಸುಮ್ನೆ ಜೋತಾಡುತ್ತಿದ್ದವು. ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಮೇಡಂ ಕೈ ಹಿಡಿದು ನೋಡಿದರು. "ನೋಡಮ್ಮ, ರಜ್ಜು ಸಡಿಲ ಆಗಿಬಿಟ್ಟಿದೆ. ಗ್ಲೌಸ್ ಇವತ್ತೇ ನಿಲ್ಲಿಸು" ಅಂದರು. ಬೆರಳು ಮಡಚಿ ಟೇಪ್ ಸುತ್ತಿ ಮಲಗಿಸಲು ಹೇಳಿಕೊಟ್ಟರು. ಐದಾರು ತಿಂಗಳಲ್ಲಿ ಬಲಗೈಯ ಹಿಡಿತ ಬಹುಪಾಲು ಬಂತು. ಎಡಗೈಯದ್ದು ಮೊದಲಿನ ಹಾಗೆ ಇವತ್ತಿಗೂ ಬಂದಿಲ್ಲ.

ಹಾಗಾಗಿ ಇಷ್ಟನ್ನು ಮನೆಯಲ್ಲಿ ಎಲ್ಲರೂ ಕಲಿತುಕೊಳ್ಳಿ. ಬೆರಳು ಬಿಡಿಸುವಾಗ ಮಣಿಕಟ್ಟನ್ನು ಕೆಳಕ್ಕೆ ಬಾಗಿಸಿ. ಮಣಿಕಟ್ಟು ಎತ್ತುವಾಗ ಬೆರಳನ್ನು ಮಡಚಿ. ಎರಡನ್ನೂ ಒಟ್ಟಿಗೆ ನೆಟ್ಟಗೆ ಮಾಡಬೇಡಿ. ಹಾಸಿಗೆಯಿಂದ ಗಾಲಿಕುರ್ಚಿಗೆ ಹೋಗುವಾಗ ಕೈ ಊರಬೇಕಾದರೆ ಅಂಗೈ ಚಪ್ಪಟೆ ಇಡದೆ ಬೆರಳು ಮಡಚಿ ಊರಲಿ. ಕೈ ನೀವಲು ಬರುವ ನೆಂಟರಿಗೂ ಇದನ್ನು ಹೇಳಿ. ಪ್ರೀತಿಯಿಂದಲೇ ಬೆರಳನ್ನೆಲ್ಲ ಹಿಂದಕ್ಕೆ ಎಳೆಯುತ್ತಾರೆ.

ಹೆಜ್ಜೆ 4: ಕರೆಂಟ್ ಇಲ್ಲದ ಸಾಧನದಿಂದ ಶುರು ಮಾಡಿ

ಮೊದಲನೆಯದು ಯೂನಿವರ್ಸಲ್ ಕಫ್. ಅಂಗೈಗೆ ಸುತ್ತುವ ಪಟ್ಟಿ, ಅಂಗೈ ಬದಿಗೆ ಒಂದು ಸಣ್ಣ ಜೇಬು. ಆ ಜೇಬಿಗೆ ಚಮಚ, ಬ್ರಷ್, ಪೆನ್ನು, ಫೋನ್ ಒತ್ತುವ ಕಡ್ಡಿ ಯಾವುದನ್ನಾದರೂ ಸಿಕ್ಕಿಸಬಹುದು. ಬೆರಳು ಕೆಲಸ ಮಾಡಬೇಕಾಗಿಯೇ ಇಲ್ಲ, ಮೊಣಕೈ ಮಡಚಿದರೆ ಸಾಕು. ನಮ್ಮದನ್ನು ಚಪ್ಪಲಿ ಹೊಲಿಯುವವರ ಹತ್ತಿರ ಮಾಡಿಸಿದ್ದು. ಎರಡು ಇಂಚು ಅಗಲದ ಮೆತ್ತನೆ ಬೆಲ್ಟು, ಒಳಗೆ ಹತ್ತಿ ಬಟ್ಟೆ, ಜೇಬಿಗೆ ಚರ್ಮ, ಮುಚ್ಚಲು ವೆಲ್ಕ್ರೋ. ವೆಲ್ಕ್ರೋ ತುದಿಗೆ ಒಂದು ಉಂಗುರ ಹೊಲಿಸಿದ್ದೇವೆ. ಇನ್ನೊಂದು ಕೈಯ ಹೆಬ್ಬೆರಳು ಅದರೊಳಗೆ ತೂರಿಸಿ ತಾನೇ ಎಳೆದು ಬಿಗಿದುಕೊಳ್ಳುತ್ತಾನೆ. ಆ ಉಂಗುರ ಇಲ್ಲದಿದ್ದರೆ ಪಟ್ಟಿ ಹಾಕಲು ನಾನು ಬೇಕಿತ್ತು. ಸಾಧನ ಕೊಳ್ಳುವಾಗ ಇದನ್ನೇ ಮೊದಲು ನೋಡಿ: ತೊಡಲು, ಬಿಚ್ಚಲು ಇನ್ನೊಬ್ಬರು ಬೇಕಾ?

ಚಮಚದ ಹಿಡಿಯನ್ನು ಬಾಯಿಯ ಕಡೆಗೆ ಸ್ವಲ್ಪ ಬಗ್ಗಿಸಿ. ಮುಂಗೈ ತಿರುಗಿಸಲು ಬಲ ಸಾಲದವರಿಗೆ ಅದರಿಂದ ಎಷ್ಟೋ ಅನುಕೂಲ.

ಸಿ-5 ಮಾತ್ರ ಇರುವವರಿಗೆ ಮಣಿಕಟ್ಟು ಕುಸಿಯುತ್ತದೆ. ಅವರಿಗೆ ಮಣಿಕಟ್ಟನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಬೇಕು, ಕಫ್ ಅದರ ಮೇಲೆ. ಮಣಿಕಟ್ಟಿಗೆ ಬಲ ಇದ್ದು ಹಿಡಿತ ಇನ್ನೂ ಗಟ್ಟಿ ಬೇಕು ಅನ್ನುವವರಿಗೆ ಫ್ಲೆಕ್ಸರ್ ಹಿಂಜ್ ಸ್ಪ್ಲಿಂಟ್ ಇದೆ. ಮಣಿಕಟ್ಟು ಎತ್ತಿದಾಗ ಅದರ ಸನ್ನೆಕೋಲು ತೋರುಬೆರಳು, ನಡುಬೆರಳನ್ನು ಹೆಬ್ಬೆರಳಿಗೆ ತಂದು ಒತ್ತುತ್ತದೆ. ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ. ಅಳತೆ ತಪ್ಪಿದರೆ ಮಾತ್ರ ಏನೂ ಪ್ರಯೋಜನ ಇಲ್ಲ. ಹಾಗಾಗಿ ಆರ್ಥೋಟಿಸ್ಟ್, ಅಂದರೆ ಅಳತೆಗೆ ಸ್ಪ್ಲಿಂಟ್ ಮಾಡುವ ಪರಿಣತರ ಹತ್ತಿರವೇ ಮಾಡಿಸಬೇಕು.

ಭುಜದಲ್ಲಿ ಬಲ 2ರ ಆಸುಪಾಸು ಇದ್ದರೆ ಗಾಲಿಕುರ್ಚಿಗೆ ಜೋಡಿಸುವ ತೋಳಿನ ಆಸರೆ ಇದೆ. ಸ್ಪ್ರಿಂಗ್ ಅಥವಾ ರಬ್ಬರ್ ಪಟ್ಟಿ ಕೈಯ ಭಾರ ಹೊರುತ್ತದೆ, ಉಳಿದ ಅಲ್ಪ ಬಲದಲ್ಲೇ ಕೈ ಬಾಯಿಯ ತನಕ ಹೋಗುತ್ತದೆ. ಜೇಕೋ ಕಂಪನಿಯ ರೆಕ್ಸ್ ಎಂಬುದು ಈ ಬಗೆಯದು. ಮೊದಲು ಅಮೆರಿಕದ ಒಂದು ಮಕ್ಕಳ ಆಸ್ಪತ್ರೆಯಲ್ಲಿ ರೂಪುಗೊಂಡ ಸಾಧನ.

ಹೆಜ್ಜೆ 5: ಸ್ನಾಯುವಿಗೆ ಕರೆಂಟ್ ಕೊಡುವ ಸಾಧನ

ಇದಕ್ಕೆ ಎಫ್‌ಇಎಸ್ ಎನ್ನುತ್ತಾರೆ. ಮುಂಗೈ ಮೇಲೆ ಅಂಟಿಸಿದ ಪ್ಯಾಡ್‌ಗಳಿಂದ ಕರೆಂಟ್ ಹರಿದು ಸ್ನಾಯು ಎಳೆಯುತ್ತದೆ, ಬೆರಳು ಮುಚ್ಚುತ್ತದೆ ಅಥವಾ ತೆರೆಯುತ್ತದೆ. ಬಯೋನೆಸ್ ಕಂಪನಿಯ ಎಚ್-200 ಇದರಲ್ಲಿ ಹೆಸರಾದದ್ದು. ಮಣಿಕಟ್ಟನ್ನು ಹಿಡಿದಿಡುವ ಸ್ಪ್ಲಿಂಟ್, ಅದರೊಳಗೇ ಐದು ಎಲೆಕ್ಟ್ರೋಡ್, ಅಂದರೆ ಚರ್ಮಕ್ಕೆ ಕರೆಂಟ್ ಮುಟ್ಟಿಸುವ ಪ್ಯಾಡ್. ಗುಂಡಿ ಒತ್ತಿದರೆ ಹಿಡಿತ. ಸಿ-5 ಪೆಟ್ಟಿನವರಿಗೂ ಪಾರ್ಶ್ವವಾಯು ಆದವರಿಗೂ ಬಳಸುತ್ತಾರೆ.

ಪ್ಯಾಡ್ ಅಂಟಿಸುವ ಮೊದಲು ಚರ್ಮ ತೊಳೆಯಿರಿ. ನಮ್ಮ ಮನೆಗಳಲ್ಲಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ನೀವುವ ರೂಢಿ. ಎಣ್ಣೆ ಪಸೆ ಇದ್ದರೆ ಪ್ಯಾಡ್ ಅಂಚು ಏಳುತ್ತದೆ. ಅಂಚು ಎದ್ದರೆ ಕರೆಂಟೆಲ್ಲ ಉಳಿದ ಚೂರು ಜಾಗದಲ್ಲೇ ಹರಿದು ಚರ್ಮ ಸುಡಬಹುದು. ಅಲ್ಲಿ ಸ್ಪರ್ಶ ಇಲ್ಲದವರಿಗೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಮೊದಲ ದಿನ ಹತ್ತು ನಿಮಿಷ ಸಾಕು. ಬಿಚ್ಚಿದ ತಕ್ಷಣ ಬೆಳಕಿನಲ್ಲಿ ನೋಡಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಕೆಂಪು ಹಾಗೇ ಇದ್ದರೆ ಮರುದಿನ ಹಾಕಬೇಡಿ, ಥೆರಪಿಸ್ಟರಿಗೆ ತೋರಿಸಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದು ಕಷ್ಟ. ಬೆರಳಿಟ್ಟು ಬಿಸಿ ಇದೆಯಾ, ಗಟ್ಟಿ ಇದೆಯಾ ಎಂದೂ ನೋಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಪ್ಯಾಡ್ ಬೇಗ ಹಾಳಾಗುತ್ತವೆ. ಬಳಸಿದ ಮೇಲೆ ಅದರ ಪ್ಲಾಸ್ಟಿಕ್ ಹಾಳೆಗೇ ಅಂಟಿಸಿ, ಮುಚ್ಚಿದ ಡಬ್ಬಿಯಲ್ಲಿಡಿ. ಒಬ್ಬರ ಪ್ಯಾಡ್ ಇನ್ನೊಬ್ಬರಿಗೆ ಬೇಡ.

ಕರೆಂಟ್‌ನಿಂದ ಎಳೆದ ಸ್ನಾಯು ತಾನಾಗಿ ಕೆಲಸ ಮಾಡಿದ್ದಕ್ಕಿಂತ ಬೇಗ ದಣಿಯುತ್ತದೆ. ಮೊದಲ ವಾರ ಹತ್ತು ಸಲಕ್ಕೇ ಹಿಡಿತ ಸಡಿಲಾದರೆ ಗಾಬರಿಯಾಗಬೇಡಿ.

ಪೇಸ್‌ಮೇಕರ್ ಇದ್ದವರು, ಹತೋಟಿಗೆ ಬಾರದ ಮೂರ್ಛೆರೋಗ ಇದ್ದವರು, ಗರ್ಭಿಣಿಯರು, ಆ ಕೈಯಲ್ಲಿ ಗಾಯ, ಗೆಡ್ಡೆ ಅಥವಾ ರಕ್ತ ಹೆಪ್ಪುಗಟ್ಟಿದ್ದು ಇದ್ದವರು ವೈದ್ಯರು ಹೇಳದೆ ಮುಟ್ಟಲೇಬಾರದು. ಕುತ್ತಿಗೆಯ ಮುಂಭಾಗಕ್ಕೆ ಪ್ಯಾಡ್ ಯಾರೂ ಹಾಕಬಾರದು.

ಅಂಗಡಿಯಲ್ಲಿ ಟೆನ್ಸ್ ಮೆಷಿನ್ ತೋರಿಸಿ "ಇದೂ ಅದೇ" ಅನ್ನಬಹುದು. ಅದು ನೋವು ಕಡಿಮೆ ಮಾಡಲು ಇರುವ ಮೆಷಿನ್, ಹಿಡಿತ ಕೊಡುವುದಕ್ಕಲ್ಲ.

ಹೆಜ್ಜೆ 6: ಮೋಟಾರ್ ಗ್ಲೌಸ್, ಮೋಟಾರ್ ತೋಳು

ಇವು ಸ್ನಾಯುವಿನ ಬದಲು ಹೊರಗಿನಿಂದ ಬೆರಳನ್ನು ಎಳೆಯುತ್ತವೆ. ಹಾಗಾಗಿ ನರ ಸತ್ತ ಸ್ನಾಯು ಇದ್ದರೂ ನಡೆಯುತ್ತದೆ. ಕೊರಿಯಾದ ನಿಯೋಫೆಕ್ಟ್ ಮಾಡಿದ ನಿಯೋಮಾನೋ ಗ್ಲೌಸ್ ಹೆಬ್ಬೆರಳು, ತೋರುಬೆರಳು, ನಡುಬೆರಳು ಇಷ್ಟಕ್ಕೇ ಇದೆ. ತಂತಿಗಳು ಬೆರಳನ್ನು ಮಡಚುತ್ತವೆ, ರಿಮೋಟ್ ಒತ್ತಿದರೆ ಕೆಲಸ. ಸ್ವೀಡನ್ನಿನ ಬಯೋಸರ್ವೋ ಕಂಪನಿಯ ಕಾರ್ಬನ್‌ಹ್ಯಾಂಡ್ ಬೇರೆ ಥರ. ಬೆರಳ ತುದಿಯ ಸೆನ್ಸರ್ ಮೇಲೆ ನೀವು ಸ್ವಲ್ಪ ಒತ್ತಬೇಕು, ಆಗ ಅದು ಉಳಿದ ಬಲ ಸೇರಿಸುತ್ತದೆ. ಬೆರಳಿನಲ್ಲಿ ಏನೂ ಇಲ್ಲದವರಿಗೆ ಅದರಿಂದ ಉಪಯೋಗ ಕಡಿಮೆ. ಹೆಸರು ಎರಡೂ ಗ್ಲೌಸೇ, ಆದರೆ ಬೇಕಾದ ಕೈ ಬೇರೆ ಬೇರೆ. ಹೆಜ್ಜೆ 1ರ ಹಾಳೆ ಇಲ್ಲಿ ಬೇಕಾಗುತ್ತದೆ.

ಮೈಯೋಮೋ ಕಂಪನಿಯ ಮೈಯೋಪ್ರೋ ಮೊಣಕೈ, ಬೆರಳು ಎರಡನ್ನೂ ಆಡಿಸುವ ಮೋಟಾರ್ ತೋಳು. ಚರ್ಮದ ಮೇಲಿನ ಸೆನ್ಸರ್ ಸ್ನಾಯುವಿನ ಸಣ್ಣ ವಿದ್ಯುತ್ ಮಿಡಿತ ಓದುತ್ತದೆ. ಕೈ ಎತ್ತಲಾಗದ, ಆದರೆ ಅಂಕ 1ರಷ್ಟು ಮಿಡಿಯುವ ಸ್ನಾಯುವಿದ್ದರೂ ಅದು ಮೋಟಾರಿಗೆ ಸೂಚನೆ ಕೊಡಬಹುದು. ಭುಜ ಮಾತ್ರ ಅದರ ಭಾರ ಹೊರಬೇಕು. ಈಗಾಗಲೇ ಭುಜ ನೋಯುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಲಿ.

ಯಾವ ಗ್ಲೌಸ್ ಆದರೂ ಬೆರಳನ್ನು ಎಷ್ಟು ನೆಟ್ಟಗೆ ಮಾಡುತ್ತದೆ, ಅದಕ್ಕೆ ಮಿತಿ ಇಡಬಹುದಾ ಎಂದು ಕೇಳಿ. ಏಕೆ ಅಂತ ನಿಮಗೀಗ ಗೊತ್ತು.

ಹೆಜ್ಜೆ 7: ಕುತ್ತಿಗೆ ಮೇಲಿನ ಹೊಸ ಸಾಧನದ ಬಗ್ಗೆ

ಎರಡು ವರ್ಷದಿಂದ ಜಾಸ್ತಿ ಸುದ್ದಿಯಲ್ಲಿರುವುದು ಆರ್ಕ್-ಇಎಕ್ಸ್. ಮಾಡಿದವರು ಆನ್ವರ್ಡ್ ಮೆಡಿಕಲ್ ಎಂಬ ಕಂಪನಿ. ಇದನ್ನು ಕೈಗೆ ಹಾಕುವುದಿಲ್ಲ. ಕುತ್ತಿಗೆಯ ಹಿಂಬದಿಯ ಚರ್ಮಕ್ಕೆ ಎಲೆಕ್ಟ್ರೋಡ್ ಅಂಟಿಸಿ, ಬೆನ್ನುಹುರಿಗೇ ಕರೆಂಟಿನ ಮಿಡಿತ ಕೊಡುತ್ತಾರೆ. ಶಸ್ತ್ರಚಿಕಿತ್ಸೆ ಇಲ್ಲ. ಪೆಟ್ಟಾದ ಜಾಗದಲ್ಲಿ ಅಳಿದುಳಿದ ದಾರಿಗಳಿರುತ್ತವೆ. ಮೆದುಳಿನ ಸಂದೇಶ ಅವುಗಳಲ್ಲಿ ಬರುತ್ತಿದ್ದರೂ ಕ್ಷೀಣ. ಕರೆಂಟ್ ಕೊಟ್ಟಾಗ ಬೆನ್ನುಹುರಿ ಎಚ್ಚರಗೊಂಡು ಆ ಕ್ಷೀಣ ಸಂದೇಶವನ್ನೂ ಕೇಳಿಸಿಕೊಳ್ಳುತ್ತದೆ. ತತ್ವ ಇಷ್ಟೇ.

ಇದರ ಪ್ರಯೋಗದ ಹೆಸರು ಅಪ್-ಲಿಫ್ಟ್. ಫಲಿತಾಂಶ 2024ರ ಮೇ ತಿಂಗಳಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. 14 ಕೇಂದ್ರಗಳಲ್ಲಿ 60 ಜನ ಪ್ರಯೋಗ ಮುಗಿಸಿದರು. ಎರಡು ತಿಂಗಳು ಬರೀ ವ್ಯಾಯಾಮ, ಆಮೇಲೆ ಎರಡು ತಿಂಗಳು ವ್ಯಾಯಾಮದ ಜೊತೆ ಕರೆಂಟ್. ಅವರಲ್ಲಿ ಶೇ. 72ರಷ್ಟು ಮಂದಿಗೆ ಕೈಯ ಬಲವೂ ಕೆಲಸವೂ ಎರಡೂ ಸುಧಾರಿಸಿತು. ಪೆಟ್ಟಾಗಿ 34 ವರ್ಷ ಆದವರೂ ಆ ಗುಂಪಿನಲ್ಲಿದ್ದರು. ಇದನ್ನು ಓದಿದ ದಿನ ನಾನು ತಮ್ಮನಿಗೆ ಎರಡೆರಡು ಸಲ ಓದಿ ಹೇಳಿದೆ. ಆರು ವರ್ಷ ಆಯಿತು, ಇನ್ನೇನು ಎಂದು ಅವನು ಸುಮ್ಮನಾಗಿಬಿಟ್ಟಿದ್ದ.

ಆದರೆ ಅಕ್ಷರ ನೋಡಿ. ಪ್ರಯೋಗಕ್ಕೆ ತೆಗೆದುಕೊಂಡದ್ದು ಬಿ, ಸಿ, ಡಿ ದರ್ಜೆಯವರನ್ನು, ಎ ದರ್ಜೆಯವರನ್ನು ಅಲ್ಲ. 2024ರ ಡಿಸೆಂಬರಿನಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೊಟ್ಟ ಅನುಮತಿಯೂ ಸಿ-2ರಿಂದ ಸಿ-8ರ ನಡುವಿನ ಅಪೂರ್ಣ ಪೆಟ್ಟಿಗೆ (ಎ ಅಲ್ಲದ ದರ್ಜೆಗಳಿಗೆ), ಅದೂ ಕ್ಲಿನಿಕ್ಕಿನಲ್ಲಿ ವ್ಯಾಯಾಮದ ಜೊತೆ ಬಳಸಲು. ಕರೆಂಟ್ ಹಾಕಿ ಸುಮ್ನೆ ಮಲಗಿದರೆ ಬರುವ ಫಲ ಅಲ್ಲ ಅದು.

ಮನೆಯ ಟೆನ್ಸ್ ಮೆಷಿನ್ನನ್ನು ಕುತ್ತಿಗೆಗೆ ಹಾಕಿ ಇದನ್ನು ಅನುಕರಿಸಲು ದಯವಿಟ್ಟು ಹೋಗಬೇಡಿ. ಮಿಡಿತದ ಬಗೆಯೇ ಬೇರೆ, ಅಪಾಯವೂ ಬೇರೆ.

ಮೆದುಳಿಗೆ ಇಡುವ ಎಲೆಕ್ಟ್ರಾನಿಕ್ ಚಿಪ್‌ನ ವಿಡಿಯೋಗಳನ್ನೂ ಬಂಧುಗಳು ಕಳಿಸುತ್ತಿರುತ್ತಾರೆ. ಇಯಾನ್ ಬರ್ಕ್‌ಹಾರ್ಟ್ ಎಂಬ ಅಮೆರಿಕದ ಯುವಕ 2010ರಲ್ಲಿ ಸಮುದ್ರದಲ್ಲಿ ಧುಮುಕುವಾಗ ಕುತ್ತಿಗೆಗೆ ಪೆಟ್ಟು ಮಾಡಿಕೊಂಡವರು. 2014ರಲ್ಲಿ ಮೆದುಳಿಗೆ ಚಿಪ್ ಇಟ್ಟರು. ಚಿಪ್‌ನ ಸಂಕೇತ ಮುಂಗೈಗೆ ಸುತ್ತಿದ ಎಲೆಕ್ಟ್ರೋಡ್ ಪಟ್ಟಿಗೆ ಹೋಗಿ, ಅವರು ಬಾಟಲಿ ಹಿಡಿದು ಸುರಿದರು, ಕಡ್ಡಿಯಲ್ಲಿ ಕಲಕಿದರು. ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಪ್ರಯೋಗಾಲಯದಲ್ಲಿ ಮಾತ್ರ ನಡೆಯುತ್ತಿತ್ತು. 2021ರಲ್ಲಿ ಸೋಂಕಾಗಿ ಚಿಪ್ ತೆಗೆಯಬೇಕಾಯಿತು.

ಶಸ್ತ್ರಚಿಕಿತ್ಸೆಯ ದಾರಿಯೂ ಒಂದಿದೆ. ಬಲ ಇರುವ ಸ್ನಾಯುವಿನ ರಜ್ಜುವನ್ನು ಬಲವಿಲ್ಲದ ಕೆಲಸಕ್ಕೆ ಜೋಡಿಸುವುದು. ಭುಜದ ಹಿಂಬದಿಯ ಸ್ನಾಯುವಿನಿಂದ ಮೊಣಕೈ ನೇರ ಮಾಡಿಸಬಹುದು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಗೆ ಇದೇ ವಿಧಾನದಲ್ಲಿ ಜೀವ ಕೊಟ್ಟವರು. ಅವರ ಹತ್ತಿರ ಕಲಿತ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ತಾವೇ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕೂತೇ ಆ ರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. ನರಗಳನ್ನೇ ಜೋಡಿಸುವ ಶಸ್ತ್ರಚಿಕಿತ್ಸೆಯೂ ಈಗ ಇದೆ. ಅದರಲ್ಲಿ ಕೆಲವನ್ನು ಮೊದಲ ವರ್ಷದೊಳಗೇ ಮಾಡಬೇಕು. ಪೆಟ್ಟಾಗಿ ಇನ್ನೂ ವರ್ಷ ಆಗಿಲ್ಲದಿದ್ದರೆ ಸಾಧನ ಹುಡುಕುವ ಮೊದಲೇ ಈ ವಿಷಯ ಕೇಳಿ.

ಹೆಜ್ಜೆ 8: ಅಪಾಯದ ಲಕ್ಷಣ ಕಲಿತುಕೊಳ್ಳಿ

ಟಿ-6 ಮತ್ತು ಅದಕ್ಕಿಂತ ಮೇಲಿನ ಪೆಟ್ಟಿನವರಿಗೆ ಬಿಪಿ ಇದ್ದಕ್ಕಿದ್ದಂತೆ ಏರುವ ಒಂದು ಅಪಾಯ ಇದೆ. ಹೆಸರು ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ತಲೆ ಸಿಡಿಯುವ ನೋವು, ಮುಖ ಕೆಂಪಾಗುವುದು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು, ಮೂಗು ಕಟ್ಟುವುದು ಇದರ ಗುರುತು. ಮೂತ್ರಚೀಲ ತುಂಬಿದ್ದು, ಮಲಬದ್ಧತೆ ಇದಕ್ಕೆ ಸಾಮಾನ್ಯ ಕಾರಣ. ಬಿಗಿಯಾದ ಪಟ್ಟಿ ಅಥವಾ ಕರೆಂಟ್ ಕೂಡ ಕಾರಣ ಆಗಬಹುದು.

ಸಾಧನ ಆಫ್ ಮಾಡಿ ಬಿಚ್ಚಿ. ಮಲಗಿದ್ದರೆ ಎತ್ತಿ ಕೂರಿಸಿ, ಕಾಲು ಕೆಳಗಿಳಿಸಿ. ಬಟ್ಟೆ, ಬೆಲ್ಟು ಸಡಿಲಿಸಿ. ಮೂತ್ರದ ಕ್ಯಾತಿಟರ್ ಪೈಪು ಮಡಚಿದೆಯಾ, ಚೀಲ ತುಂಬಿದೆಯಾ ನೋಡಿ. ಬಿಪಿ ಅಳೆಯಿರಿ. ಇಂಥವರ ಮೇಲಿನ ಬಿಪಿ ಮಾಮೂಲಾಗಿ 90ರಿಂದ 110 ಇರುತ್ತದೆ. ಹಾಗಾಗಿ 130 ಕಂಡರೆ "ನಾರ್ಮಲ್" ಎಂದು ಬಿಡಬೇಡಿ. ಅವರ ದಿನದ ಬಿಪಿಗಿಂತ 20ರಿಂದ 40 ಜಾಸ್ತಿ ಆಗಿದ್ದರೆ ಅದೇ ಎಚ್ಚರಿಕೆ. ಕಾರಣ ಸಿಗದಿದ್ದರೆ, ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ, ಬೆನ್ನುಹುರಿ ಪೆಟ್ಟಿನವರು ಎಂದು ಮೊದಲೇ ಹೇಳಿ. ನಾವು ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದೇವೆ.

ಹೆಜ್ಜೆ 9: ಎಲ್ಲಿ ಕೇಳಬೇಕು, ಏನು ಕೇಳಬೇಕು

ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ನರಪುನರ್ವಸತಿ ವಿಭಾಗ ಇದೆ. ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಬೆನ್ನುಹುರಿ ಪೆಟ್ಟಿನವರ ಜೊತೆ ಕೆಲಸ ಮಾಡುತ್ತದೆ. ಸ್ಪ್ಲಿಂಟ್‌ಗಳಿಗೆ ಮೊಬಿಲಿಟಿ ಇಂಡಿಯಾ ಇದೆ. ವೆಲ್ಲೂರು ಸಿಎಂಸಿಯಲ್ಲಿ ಮೇರಿ ವರ್ಗೀಸ್ ಅವರ ಶ್ರಮದಿಂದ 1966ರಲ್ಲಿ ಶುರುವಾದ ಪುನರ್ವಸತಿ ಕೇಂದ್ರ, ದೆಹಲಿಯಲ್ಲಿ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಇವೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇನ್ನೂ ಮಾಡಿಸದಿದ್ದರೆ ಮೊದಲು ಮಾಡಿಸಿ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಸಾಧನಗಳಿಗೆ ನೆರವು ಸಿಗುತ್ತದೆ. ಹಳ್ಳಿಯವರಾದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಅರ್ಜಿಯ ದಾರಿ ಅವರಿಗೆ ಗೊತ್ತಿರುತ್ತದೆ.

ದುಡ್ಡು ಕೊಡುವ ಮೊದಲು ಇವನ್ನು ಕೇಳಿ. ಎರಡು ವಾರ ಹಾಕಿ ನೋಡಲು ಕೊಡುತ್ತೀರಾ? ಪ್ಯಾಡ್, ಬ್ಯಾಟರಿ, ಒಳಗವಚದ ವರ್ಷದ ಖರ್ಚು ಎಷ್ಟು? ರಿಪೇರಿ ಎಲ್ಲಿ? ದಿನಕ್ಕೆ ನಾಲ್ಕು ಗಂಟೆ ಕರೆಂಟ್ ಹೋದರೂ ನಡೆಯುತ್ತದಾ? ಕಂಪನಿ ಮುಚ್ಚಿದರೆ ಏನು ಗತಿ? ಕೊನೆಯದು ಸುಮ್ನೆ ಕೇಳಿದ್ದಲ್ಲ. ಫ್ರೀಹ್ಯಾಂಡ್ ಎಂಬ ಮೈಯೊಳಗೆ ಅಳವಡಿಸುವ ಸಾಧನಕ್ಕೆ 1997ರಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತ್ತು. 200ಕ್ಕೂ ಹೆಚ್ಚು ಜನರಿಗೆ ಅದು ಹಿಡಿತ ಕೊಟ್ಟಿತ್ತು. 2001ರಲ್ಲಿ ಕಂಪನಿ ಅದರ ಮಾರಾಟವನ್ನೇ ನಿಲ್ಲಿಸಿತು.

ಹೆಜ್ಜೆ 10: ಬರೆದಿಡಿ

ಒಂದು ನೋಟ್‌ಬುಕ್ ಇಡಿ. ವಾರಕ್ಕೊಮ್ಮೆ, ಅದೇ ಲೋಟ, ಅದೇ ಮಟ್ಟದ ನೀರು, ಅದೇ ಮೇಜು. ಹತ್ತು ಸಲದಲ್ಲಿ ಎಷ್ಟು ಸಲ ಬಾಯಿಗೆ ಮುಟ್ಟಿತು ಎಂದು ಬರೆಯಿರಿ. ಸಾಧನ ಹಾಕಿ ಒಮ್ಮೆ, ಹಾಕದೆ ಒಮ್ಮೆ. ಫೋನಿನಲ್ಲಿ ವಿಡಿಯೋ ತೆಗೆಯಿರಿ. ದಿನಾ ನೋಡುವವರ ಕಣ್ಣಿಗೆ ಸುಧಾರಣೆಯೂ ಕಾಣುವುದಿಲ್ಲ, ಕುಸಿತವೂ ಕಾಣುವುದಿಲ್ಲ. ಆ ಗ್ಲೌಸ್ ಹಾಕಿದ ಎರಡು ತಿಂಗಳು ನಾನು ಹೀಗೆ ಬರೆದಿದ್ದರೆ ಎರಡನೇ ವಾರಕ್ಕೇ ಗೊತ್ತಾಗುತ್ತಿತ್ತು. ಎಂಟು ವಾರ ಸರಿಯಾಗಿ ಬಳಸಿದರೂ ಅಂಕಿ ಕದಲದಿದ್ದರೆ ನೋಟ್‌ಬುಕ್ ಹಿಡಿದು ಥೆರಪಿಸ್ಟರ ಹತ್ತಿರ ಹೋಗಿ. ಸಾಧನ ಬದಲಿಸುವುದಾ, ಕೆಲಸ ಬದಲಿಸುವುದಾ ಎಂದು ಅಲ್ಲೇ ಮಾತಾಡಿ.

ನಮ್ಮ ನೋಟ್‌ಬುಕ್ಕಿನಲ್ಲಿ ಮೊನ್ನೆ ಭಾನುವಾರದ ಸಾಲು ತಮ್ಮನೇ ಕಫ್‌ಗೆ ಪೆನ್ನು ಸಿಕ್ಕಿಸಿ ಬರೆದದ್ದು: "ಅರ್ಧ ಲೋಟ. ಪಟ್ಟಿ ಇಲ್ಲದೆ. ಬಲಗೈ 7, ಎಡಗೈ 4."